ಮಸಿಯ ಹುಡುಗರಿಂದ ಕಿದ್ವಾಯಿಯವರೆಗೆ: ನಾಚಿಕೆಯ ಹಿಂದೆ ಅಡಗಿದ ಒಂದು ರೋಗದ ಇತಿಹಾಸ



ಇತಿಹಾಸವೆಂದರೆ ನಮ್ಮ ಕಡೆಯವರಿಗೆ ತಟ್ಟನೆ ನೆನಪಾಗುವುದು ಕೋಟೆ ಕೊತ್ತಲಗಳು. ಮಧುಗಿರಿಯ ಏಕಶಿಲಾ ಬೆಟ್ಟ, ಮೊಗಲರ ಸುಬಾ ಆಗಿ ಮೆರೆದ ಸಿರಾ, ಅಲ್ಲಿನ ಮಲಿಕ್ ರಿಹಾನ್ ದರ್ಗಾ, ಪಾವಗಡದ ಗಿರಿದುರ್ಗ, ಗಿಡಮೂಲಿಕೆಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟ. ಇವುಗಳ ಬಗ್ಗೆ ಬರೆದಷ್ಟೂ ಮುಗಿಯದು. ಆದರೆ ರೋಗಗಳಿಗೂ ಇತಿಹಾಸವಿದೆ. ಮನುಷ್ಯ ಒಂದು ರೋಗವನ್ನು ಹೇಗೆ ಗುರುತಿಸಿದ, ಎಲ್ಲಿ ಎಡವಿದ, ಹೇಗೆ ಗೆದ್ದ ಎಂಬುದೂ ರಾಜರ ಯುದ್ಧಗಳಷ್ಟೇ ತಿಳಿಯತಕ್ಕ ವಿಷಯ.

ಈ ಲೇಖನದ ವಿಷಯ ಸ್ವಲ್ಪ ಸಂಕೋಚದ್ದು. ಗಂಡಸರ ಗುಪ್ತಾಂಗದ ಚರ್ಮಕ್ಕೆ ಬರುವ ಅಪರೂಪದ ಕ್ಯಾನ್ಸರ್ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮನೆಮಂದಿಯೆಲ್ಲ ಓದುವ ಸಂಚಿಕೆಯಲ್ಲಿ ಇದು ಬೇಕೇ ಎಂದು ನೀವು ಕೇಳಬಹುದು. ಬೇಕು. ಈ ರೋಗದಲ್ಲಿ ಜೀವ ಹೋಗುವುದು ಎಷ್ಟೋ ಸಲ ಔಷಧಿ ಇಲ್ಲದ್ದರಿಂದಲ್ಲ, ಬಾಯಿ ಬಿಟ್ಟು ಹೇಳದ್ದರಿಂದ. ಹೆಂಡತಿಗೆ ಹೇಳಲು ನಾಚಿಕೆ, ಮಕ್ಕಳಿಗೆ ಹೇಳಲು ಇನ್ನೂ ನಾಚಿಕೆ, ಡಾಕ್ಟರ ಮುಂದೆ ಬಟ್ಟೆ ಸಡಿಲಿಸಲು ಭಯ. ಹೀಗೆ ತಿಂಗಳುಗಳು ಉರುಳಿ, ಒಂದು ಸಣ್ಣ ಹುಣ್ಣು ದೊಡ್ಡ ರೋಗವಾಗುತ್ತದೆ. ಆದ್ದರಿಂದ ದಯವಿಟ್ಟು ಕೊನೆಯವರೆಗೆ ಓದಿ.

ಹಿಂದಿನ ವೈದ್ಯರು ಕಂಡದ್ದು

ಇದು ಹೊಸ ರೋಗವೇನಲ್ಲ. ನಮ್ಮ ದೇಶದ ಸುಶ್ರುತ ಸಂಹಿತೆಯಲ್ಲಿ ಮುಂದೊಗಲು ಬಿಗಿದುಕೊಂಡು ಹಿಂದೆ ಸರಿಯದಿರುವ ಸ್ಥಿತಿಗೆ ‘ನಿರುದ್ಧಪ್ರಕಶ’ ಎಂಬ ಹೆಸರಿದೆ. ಶಿಶ್ನದ ಮೇಲೆ ಬರುವ ರೋಗಗಳ ಪಟ್ಟಿಯಲ್ಲಿ ‘ಮಾಂಸಾರ್ಬುದ’ವನ್ನೂ ಹೇಳಿ, ಅದನ್ನು ಅಸಾಧ್ಯ, ಅಂದರೆ ವಾಸಿಯಾಗದ ರೋಗಗಳ ಗುಂಪಿಗೆ ಸೇರಿಸಲಾಗಿದೆ. ರೋಗವನ್ನು ಗುರುತಿಸುವುದರ ಜೊತೆಗೆ ಅದರ ಮುಂದಿನ ಗತಿ ಏನೆಂದು ಹೇಳುವುದೂ ವೈದ್ಯನ ಕೆಲಸ ಎಂಬ ಅರಿವು ಅಷ್ಟು ಹಿಂದೆಯೇ ಇತ್ತು.

ಸ್ಪೇನಿನ ಕಾರ್ಡೋಬಾದ ಮಹಾ ಶಸ್ತ್ರವೈದ್ಯ ಅಲ್ ಜಹ್ರಾವಿ (ಕ್ರಿ.ಶ. 936–1013) 30 ಭಾಗಗಳ ‘ಅಲ್ ತಸ್ರೀಫ್’ ಎಂಬ ಗ್ರಂಥ ಬರೆದರು. ಅದರ ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಮಕ್ಕಳ ಖತ್ನಾ ಮಾಡುವ ವಿಧಾನ ಇದೆ, ಶಿಶ್ನದ ತುದಿಯಲ್ಲಿ ಏಳುವ ಗಂಟುಗಳ ವಿಷಯವೂ ಇದೆ. ಕ್ಯಾನ್ಸರ್ ಬಗ್ಗೆ ಅವರ ಮಾತು ಬಹಳ ಪ್ರಾಮಾಣಿಕವಾದದ್ದು: ಸಣ್ಣದಿರುವಾಗ, ಕೈಗೆ ಎಟುಕುವ ಜಾಗದಲ್ಲಿದ್ದರೆ ಬುಡಸಮೇತ ತೆಗೆಯಬೇಕು, ಹಳೆಯದಾಗಿ ದೊಡ್ಡದಾದ ಮೇಲೆ ಕೈ ಹಾಕಬಾರದು. ಅಂಥದ್ದನ್ನು ತಾವೂ ವಾಸಿ ಮಾಡಿಲ್ಲ, ಬೇರೆಯವರು ವಾಸಿ ಮಾಡಿದ್ದನ್ನೂ ಕಂಡಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಅವರ ನಂತರದ ತಲೆಮಾರಿನ ಇಬ್ನ್ ಸೀನಾ (980–1037) ಕೂಡ ‘ಅಲ್ ಖಾನೂನ್’ ಗ್ರಂಥದಲ್ಲಿ, ಆರಂಭದಲ್ಲಿರುವ ಗೆಡ್ಡೆಯನ್ನು ಸುತ್ತಲ ಭಾಗದೊಂದಿಗೆ ಅಗಲವಾಗಿ ಕತ್ತರಿಸಬೇಕು ಎಂದೇ ಹೇಳಿದರು. ‘ಬೇಗ ಕಂಡುಹಿಡಿ, ಪೂರ್ತಿ ತೆಗೆ’ ಎಂಬ ಈ ಸೂತ್ರ ಸಾವಿರ ವರ್ಷ ದಾಟಿದರೂ ಬದಲಾಗಿಲ್ಲ.

ಲಂಡನ್ನಿನ ಮಸಿಯ ಹುಡುಗರು

ಈಗ 18ನೇ ಶತಮಾನದ ಲಂಡನ್ನಿಗೆ ಬನ್ನಿ. ಚಳಿಗೆ ಪ್ರತಿ ಮನೆಯಲ್ಲೂ ಕಲ್ಲಿದ್ದಲಿನ ಬೆಂಕಿ. ಹೊಗೆ ಹೋಗುವ ಚಿಮಣಿಗಳು ಎಷ್ಟು ಕಿರಿದಾಗಿದ್ದವೆಂದರೆ ಅವುಗಳ ಮಸಿ ತೆಗೆಯಲು ದೊಡ್ಡವರು ಹಿಡಿಸುತ್ತಿರಲಿಲ್ಲ. ಬಡವರ, ಅನಾಥರ ಮಕ್ಕಳನ್ನು ಐದಾರು ವರ್ಷಕ್ಕೇ ಈ ಕೆಲಸಕ್ಕೆ ಹಚ್ಚುತ್ತಿದ್ದರು. ಮೈಮೇಲೆ ಅರೆಬಟ್ಟೆ, ಕೆಲವೊಮ್ಮೆ ಅದೂ ಇಲ್ಲ. ಸ್ನಾನ ಅಪರೂಪ. ಮಸಿ ವೃಷಣ ಚೀಲದ ನೆರಿಗೆಗಳಲ್ಲಿ ಕೂತು ವರ್ಷಗಟ್ಟಲೆ ಅಲ್ಲೇ ಉಳಿಯುತ್ತಿತ್ತು.

ಇವರು ಬೆಳೆದು ದೊಡ್ಡವರಾದ ಮೇಲೆ ಹಲವರಿಗೆ ವೃಷಣ ಚೀಲದ ಕೆಳಭಾಗದಲ್ಲಿ ಒಂದು ಗಟ್ಟಿ ನರುಳ್ಳೆ ಏಳುತ್ತಿತ್ತು. ಆ ಕಸುಬಿನವರು ಅದನ್ನು ‘ಮಸಿ ನರುಳ್ಳೆ’ ಎಂದೇ ಕರೆಯುತ್ತಿದ್ದರು. ವೈದ್ಯರು ಅದನ್ನು ಗುಹ್ಯರೋಗವೆಂದು ತಿಳಿದು ಪಾದರಸದ ಔಷಧಿ ಕೊಡುತ್ತಿದ್ದರು. ರೋಗಿಗೆ ರೋಗದ ಜೊತೆ ಕಳಂಕವೂ ಅಂಟುತ್ತಿತ್ತು.

ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಇದು ಗುಹ್ಯರೋಗವಲ್ಲ, ಚಿಮಣಿಯ ಮಸಿಯಿಂದ ಬರುವ ಕ್ಯಾನ್ಸರ್ ಎಂದು ಬರೆದ. ಮನುಷ್ಯ ಮಾಡುವ ಕೆಲಸದಿಂದಲೇ ಕ್ಯಾನ್ಸರ್ ಬರಬಹುದೆಂದು ಜಗತ್ತಿಗೆ ತಿಳಿದದ್ದು ಇದರಿಂದ. ಗೆಡ್ಡೆ ಚರ್ಮದಲ್ಲಿ ಮಾತ್ರ ಇರುವಾಗಲೇ ಕತ್ತರಿಸಿ ತೆಗೆದರೆ ಉಳಿಯುವ ಆಸೆ ಇದೆ, ವೃಷಣಕ್ಕೆ ತಗುಲಿ ಮೇಲಕ್ಕೆ ಹತ್ತಿದ ಮೇಲೆ ವೃಷಣವನ್ನೇ ತೆಗೆದರೂ ಪ್ರಯೋಜನ ಕಡಿಮೆ ಎಂದು ಆತ ಎಚ್ಚರಿಸಿದ. ಆಗ ಅರಿವಳಿಕೆ ಇರಲಿಲ್ಲ ಎಂಬುದನ್ನು ನೆನಪಿಡಿ. ಎಚ್ಚರವಿರುವ ಮನುಷ್ಯನನ್ನು ಹಿಡಿದುಕೊಂಡು ಚಾಕು ಹಾಕುತ್ತಿದ್ದ ಕಾಲ ಅದು.

ಕಾಯಿದೆಗಳು ನಿಧಾನಕ್ಕೆ ಬಂದವು. 1788ರ ಕಾಯಿದೆ 8 ವರ್ಷದೊಳಗಿನವರನ್ನು ಈ ಕೆಲಸಕ್ಕೆ ಸೇರಿಸಬಾರದೆಂದಿತು. 1840ರಲ್ಲಿ 21 ವರ್ಷದೊಳಗಿನವರು ಚಿಮಣಿ ಹತ್ತುವುದನ್ನು ನಿಷೇಧಿಸಲಾಯಿತು. ಅದು ಪಾಲನೆಯಾಗಲು ಲಾರ್ಡ್ ಶಾಫ್ಟ್ಸ್‌ಬರಿಯ ಹೋರಾಟದಿಂದ ಬಂದ 1875ರ ಪರವಾನಗಿ ಕಾಯಿದೆಯೇ ಬೇಕಾಯಿತು. ಪಾಟ್ ಬರೆದು ಸರಿಯಾಗಿ ನೂರು ವರ್ಷ!

1892ರಲ್ಲಿ ಹೆನ್ರಿ ಬಟ್ಲಿನ್ ಎಂಬ ಶಸ್ತ್ರವೈದ್ಯ ಇನ್ನೊಂದು ಪ್ರಶ್ನೆ ಎತ್ತಿದ. ಜರ್ಮನಿ, ಬೆಲ್ಜಿಯಂ ಮುಂತಾದ ಕಡೆಯೂ ಚಿಮಣಿ ಗುಡಿಸುವವರಿದ್ದಾರೆ, ಅವರಿಗೇಕೆ ಈ ರೋಗ ಇಷ್ಟು ಕಡಿಮೆ? ಹೋಗಿ ನೋಡಿದರೆ ಅಲ್ಲಿನವರು ಮೈಗೆ ಬಿಗಿಯಾದ ರಕ್ಷಣಾ ಉಡುಪು ತೊಡುತ್ತಿದ್ದರು, ಕೆಲಸ ಮುಗಿದ ಮೇಲೆ ಚೆನ್ನಾಗಿ ತೊಳೆದುಕೊಳ್ಳುತ್ತಿದ್ದರು. ಒಂದು ಬಟ್ಟೆ, ಒಂದಿಷ್ಟು ನೀರು. ಜೀವ ಉಳಿಸಲು ಅಷ್ಟೇ ಸಾಕಾಗಿತ್ತು.

ಗಿರಣಿಯ ಎಣ್ಣೆ, ಮೊಲದ ಕಿವಿ

ಮಸಿಯ ಕತೆ ಮುಗಿಯುವ ಹೊತ್ತಿಗೆ ಎಣ್ಣೆಯ ಕತೆ ಶುರುವಾಯಿತು. ಇಂಗ್ಲೆಂಡಿನ ಲಂಕಾಶೈರ್ ಹತ್ತಿ ಗಿರಣಿಗಳಲ್ಲಿ ನೂಲುವ ಯಂತ್ರದ ಮೇಲೆ ಬಾಗಿ ಕೆಲಸ ಮಾಡುವವರ ಪೈಜಾಮದ ಮುಂಭಾಗ ಖನಿಜ ಎಣ್ಣೆಯಲ್ಲಿ ದಿನವೂ ನೆನೆಯುತ್ತಿತ್ತು. ಅವರಲ್ಲೂ ಅದೇ ಜಾಗದಲ್ಲಿ ಅದೇ ಕ್ಯಾನ್ಸರ್ ಕಾಣಿಸಿತು. 1953ರಲ್ಲಿ ಬ್ರಿಟನ್ ಈ ಕೆಲಸಕ್ಕೆಂದೇ ಪ್ರತ್ಯೇಕ ಆರೋಗ್ಯ ನಿಯಮಗಳನ್ನು ತಂದಿತು.

ಮಸಿ, ಡಾಂಬರು, ಎಣ್ಣೆ, ಇವುಗಳಲ್ಲಿ ಇರುವ ವಿಷ ಯಾವುದು? ಟೋಕಿಯೋದಲ್ಲಿ ಯಮಗಿವಾ ಮತ್ತು ಇಚಿಕಾವಾ ಎಂಬ ಇಬ್ಬರು ವಿಜ್ಞಾನಿಗಳು ಮೊಲದ ಕಿವಿಗೆ ತಿಂಗಳಾನುಗಟ್ಟಲೆ ಕಲ್ಲಿದ್ದಲಿನ ಡಾಂಬರು ಹಚ್ಚಿ, 1915ರಲ್ಲಿ ಕ್ಯಾನ್ಸರನ್ನು ಪ್ರಯೋಗಶಾಲೆಯಲ್ಲೇ ಉಂಟುಮಾಡಿ ತೋರಿಸಿದರು. 1930ರ ದಶಕದಲ್ಲಿ ಲಂಡನ್ನಿನ ಕೆನ್ನವೇ ತಂಡ ಡಾಂಬರಿನಿಂದ ಬೆಂಜೋಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಿತು. ಇದೇ ವಸ್ತು ಬೀಡಿ, ಸಿಗರೇಟಿನ ಹೊಗೆಯಲ್ಲೂ ಇದೆ.

ಇದೆಲ್ಲ ದೂರದ ದೇಶದ ಕತೆ ಎನ್ನಬೇಡಿ. ನಮ್ಮ ಹೆದ್ದಾರಿ ಬದಿಯ ಗ್ಯಾರೇಜುಗಳನ್ನು ಒಮ್ಮೆ ನೋಡಿ. ಓದು ಬಿಟ್ಟು ಸ್ಪ್ಯಾನರ್ ಹಿಡಿದ ನಮ್ಮ ಹುಡುಗರ ಪ್ಯಾಂಟು ಬಳಸಿದ ಎಂಜಿನ್ ಆಯಿಲಿನಲ್ಲಿ ನೆನೆದಿರುತ್ತದೆ. ಎಣ್ಣೆ ಒರೆಸಿದ ಬಟ್ಟೆ ಜೇಬಿನಲ್ಲೇ ಇರುತ್ತದೆ. ಈಗಿನ ಶುದ್ಧೀಕರಿಸಿದ ಎಣ್ಣೆಗಳಲ್ಲಿ ಅಪಾಯ ಕಡಿಮೆಯಾಗಿದೆ, ನಿಜ. ಆದರೆ ಎಂಜಿನ್ನಿನಲ್ಲಿ ಸುಟ್ಟು ಬಂದ ಹಳೆಯ ಎಣ್ಣೆ ಹಾಗಲ್ಲ. ಎಣ್ಣೆ ಬಟ್ಟೆಯನ್ನು ಜೇಬಿಗೆ ಹಾಕಬೇಡ, ನೆನೆದ ಪ್ಯಾಂಟನ್ನು ದಿನವೂ ಬದಲಿಸು, ಮೂತ್ರಕ್ಕೆ ಹೋಗುವ ಮೊದಲೂ ಕೈ ತೊಳೆ ಎಂದು ಅವರಿಗೆ ಹೇಳುವವರು ಯಾರು? 14 ವರ್ಷದೊಳಗಿನವರನ್ನು ದುಡಿಮೆಗೆ ಇಡಬಾರದೆಂದು 2016ರ ತಿದ್ದುಪಡಿಯ ನಂತರ ಕಾನೂನು ಸ್ಪಷ್ಟವಾಗಿದೆ. ಶಾಲೆಯಲ್ಲಿರಬೇಕಾದ ಮಗುವನ್ನು ಗ್ಯಾರೇಜಿಗೆ ಕಳಿಸುವಾಗ ಲಂಡನ್ನಿನ ಆ ಮಸಿಯ ಹುಡುಗರು ನೆನಪಾಗಲಿ.

ಖತ್ನಾ ಮತ್ತು ಶಿಶ್ನದ ಕ್ಯಾನ್ಸರ್

ಇದೇ ಭಾಗದ ಇನ್ನೊಂದು ರೋಗ ಶಿಶ್ನದ ಕ್ಯಾನ್ಸರ್. ಜಗತ್ತಿನಲ್ಲಿ 2020ರಲ್ಲಿ ಸುಮಾರು 36 ಸಾವಿರ ಗಂಡಸರಿಗೆ ಇದು ಬಂದಿತೆಂದು ಅಂದಾಜು. ಶ್ರೀಮಂತ ದೇಶಗಳಲ್ಲಿ ಲಕ್ಷ ಗಂಡಸರಲ್ಲಿ ಸುಮಾರು ಒಬ್ಬರಿಗೆ ಬರುವ ಅಪರೂಪದ ರೋಗ. ಭಾರತ, ಬ್ರೆಜಿಲ್, ಆಫ್ರಿಕಾದ ಕೆಲವು ದೇಶಗಳಲ್ಲಿ ಹೆಚ್ಚು. ನಮ್ಮಲ್ಲಿ ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಮಹಾರಾಷ್ಟ್ರದ ಬಾರ್ಶಿಯಲ್ಲಿ 1987ರಲ್ಲಿ ಶುರುವಾದ ಗ್ರಾಮೀಣ ಕ್ಯಾನ್ಸರ್ ನೋಂದಣಿಯಲ್ಲಿ ಇದರ ಪ್ರಮಾಣ ಮುಂಬಯಿಗಿಂತ ಮೇಲಿತ್ತು.

ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಆರಂಭವಾದ ಮೇಲೆ, ಡಾ. ವಿ. ಆರ್. ಖಾನೋಲ್ಕರ್ ಮುಂತಾದವರು ಯಾವ ಸಮುದಾಯದಲ್ಲಿ ಯಾವ ಕ್ಯಾನ್ಸರ್ ಹೆಚ್ಚು ಎಂದು ಲೆಕ್ಕ ಹಾಕತೊಡಗಿದರು. ಬಾಲ್ಯದಲ್ಲೇ ಖತ್ನಾ ಆಗುವ ಮುಸ್ಲಿಮರಲ್ಲಿ ಶಿಶ್ನದ ಕ್ಯಾನ್ಸರ್ ಬಹಳ ವಿರಳ ಎಂಬುದು ಭಾರತದ ಹಲವು ಆಸ್ಪತ್ರೆಗಳ ದಾಖಲೆಗಳಲ್ಲಿ ಎದ್ದು ಕಂಡಿತು. ಮುಂದೊಗಲು ಬಿಗಿದು ಒಳಗೆ ಕೊಳೆ, ಉರಿಯೂತ ನಿಲ್ಲುವುದೇ ಈ ರೋಗದ ಮುಖ್ಯ ದಾರಿ. ಖತ್ನಾ ಆ ದಾರಿಯನ್ನೇ ಮುಚ್ಚುತ್ತದೆ.

ಆದರೆ ಓದುಗರೇ, ಇಲ್ಲಿ ಎರಡು ಮಾತು ಗಮನಿಸಬೇಕು. ಒಂದು, ‘ನಮಗೆ ಬರುವುದೇ ಇಲ್ಲ’ ಎಂಬ ನಿಶ್ಚಿಂತೆ ತಪ್ಪು. ದೊಡ್ಡವರಾದ ಮೇಲೆ ಮಾಡಿಸಿಕೊಂಡ ಖತ್ನಾ ಅಷ್ಟು ರಕ್ಷಣೆ ಕೊಡುವುದಿಲ್ಲ. ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಎಚ್‌ಪಿವಿ ಎಂಬ ವೈರಸ್ಸಿನ ನಂಟಿದೆ. ಈ ವೈರಸ್ಸು ಕ್ಯಾನ್ಸರ್ ತರುತ್ತದೆಂದು ತೋರಿಸಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬೀಡಿ, ಸಿಗರೇಟು, ತಂಬಾಕು ಕೂಡ ಕಾರಣ. ಇನ್ನು ವೃಷಣ ಚೀಲದ ಕ್ಯಾನ್ಸರಿಗೂ ಖತ್ನಾಕ್ಕೂ ಸಂಬಂಧವೇ ಇಲ್ಲ. ಎರಡು, ಡೆನ್ಮಾರ್ಕ್, ಸ್ವೀಡನ್ ಮುಂತಾದ ದೇಶಗಳಲ್ಲಿ ಖತ್ನಾ ಮಾಡಿಸದವರೇ ಬಹುಪಾಲು. ಅಲ್ಲೂ ಈ ರೋಗ ವಿರಳ. ಸ್ನಾನದ ಮನೆ, ನೀರು, ಶುಚಿತ್ವ ಅಲ್ಲಿ ಕೆಲಸ ಮಾಡಿವೆ. ಆದ್ದರಿಂದ ಇದು ಯಾರೂ ಬೀಗುವ ವಿಷಯವಲ್ಲ. ನಿಮ್ಮ ನೆರೆಮನೆಯ ಹಿಂದೂ ಸಹೋದರನ ಮಗುವಿಗೆ ಮುಂದೊಗಲು ದೊಡ್ಡವನಾದರೂ ಹಿಂದೆ ಸರಿಯದಿದ್ದರೆ, ಡಾಕ್ಟರಿಗೆ ತೋರಿಸಲು ಹೇಳುವುದು ನೆರೆಯವರ ಕರ್ತವ್ಯ.

ಇಸುಬಿನ ವೇಷದಲ್ಲಿ

ಇನ್ನೂ ವಿರಳವಾದ ಒಂದು ಬಗೆ ಇದೆ. 1874ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ ಸ್ತನದ ತೊಟ್ಟಿನ ಮೇಲೆ ಇಸುಬಿನಂತೆ ಕಾಣುವ ಕ್ಯಾನ್ಸರನ್ನು ವಿವರಿಸಿದ. 1889ರಲ್ಲಿ ರಾಡ್‌ಕ್ಲಿಫ್ ಕ್ರಾಕರ್ ಅದೇ ರೋಗವನ್ನು ಗಂಡಸಿನ ಶಿಶ್ನ ಮತ್ತು ವೃಷಣ ಚೀಲದ ಮೇಲೆ ಕಂಡ. 1911ರಲ್ಲಿ ಫ್ರಾನ್ಸಿನ ಕೇರಾ ಶಿಶ್ನದ ತುದಿಯ ಮೇಲೆ ಮಖಮಲ್ಲಿನಂಥ ಕೆಂಪು ಕಲೆಯಾಗಿ ಶುರುವಾಗುವ ಇನ್ನೊಂದು ಬಗೆಯನ್ನು ವರ್ಣಿಸಿದ.

ಇವುಗಳ ಅಪಾಯ ಇರುವುದೇ ವೇಷದಲ್ಲಿ. ಕೆಂಪಗೆ, ತೇವವಾಗಿ, ನವೆಯಿರುವ ಒಂದು ಮಚ್ಚೆ. ನೋಡಿದವರೆಲ್ಲ ಹುಳುಕಡ್ಡಿ, ಇಸುಬು ಎನ್ನುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚುತ್ತಾರೆ. ನವೆ ತಗ್ಗುತ್ತದೆ, ರೋಗ ಒಳಗೊಳಗೇ ಹರಡುತ್ತದೆ. ಹೀಗೆ ವರ್ಷಗಳು ಕಳೆದವರಿದ್ದಾರೆ. ಪ್ಯಾಜೆಟ್ ರೋಗ ಚರ್ಮದ ಮೇಲ್ಪದರದಲ್ಲೇ ಇದ್ದರೆ ಭವಿಷ್ಯ ಒಳ್ಳೆಯದೇ. ಆದರೆ ಕಣ್ಣಿಗೆ ಕಾಣುವ ಅಂಚಿಗಿಂತ ಆಚೆಗೂ ಅದು ಹಬ್ಬಿರುವುದರಿಂದ, ತೆಗೆದ ಮೇಲೂ ಮತ್ತೆ ಬರುವುದುಂಟು. ಅದಕ್ಕೇ ತೆಗೆಯುತ್ತಲೇ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಮೋಸ್ ವಿಧಾನ ಬಂದಿದೆ. ಕೆಲವರಲ್ಲಿ ಇದು ಮೂತ್ರಕೋಶ, ಪ್ರಾಸ್ಟೇಟ್, ಗುದನಾಳಗಳ ಒಳಗಿನ ಕ್ಯಾನ್ಸರಿನ ಸೂಚನೆಯೂ ಆಗಿರಬಹುದಾದ್ದರಿಂದ ಆ ಅಂಗಗಳನ್ನೂ ಪರೀಕ್ಷಿಸುತ್ತಾರೆ.

ಚಿಕಿತ್ಸೆ ಬೆಳೆದ ಬಗೆ

1846ರಲ್ಲಿ ಈಥರ್ ಅರಿವಳಿಕೆ, 1867ರಲ್ಲಿ ಲಿಸ್ಟರನ ಕೀವುನಿರೋಧಕ ವಿಧಾನ, 1895ರಲ್ಲಿ ಎಕ್ಸ್‌ರೇ, 1898ರಲ್ಲಿ ರೇಡಿಯಂ. ಈ ನಾಲ್ಕು ಬಂದ ಮೇಲೆ ಚಿಕಿತ್ಸೆಯ ಮುಖವೇ ಬದಲಾಯಿತು. ಆದರೂ ಬಹುಕಾಲ ಗೆಡ್ಡೆಯ ಸುತ್ತ ಎರಡು ಸೆಂಟಿಮೀಟರ್ ಒಳ್ಳೆಯ ಭಾಗವನ್ನೂ ಸೇರಿಸಿ ಕತ್ತರಿಸುವುದೇ ನಿಯಮವಾಗಿತ್ತು. ಎಷ್ಟೋ ಜನ ಅಂಗವನ್ನೇ ಕಳೆದುಕೊಂಡರು, ಅದಕ್ಕೆ ಹೆದರಿ ಎಷ್ಟೋ ಜನ ಆಸ್ಪತ್ರೆಗೇ ಬರಲಿಲ್ಲ.

ಈಗ ಹಾಗಿಲ್ಲ. ಕೆಲವು ಮಿಲಿಮೀಟರ್ ಶುದ್ಧ ಅಂಚು ಸಿಕ್ಕರೂ ಸಾಕೆಂದು ತಿಳಿದಿದೆ. ಮೇಲ್ಪದರದಲ್ಲೇ ಇರುವ ರೋಗಕ್ಕೆ 5-ಫ್ಲೋರೋಯುರಾಸಿಲ್ ಅಥವಾ ಇಮಿಕ್ವಿಮಾಡ್ ಮುಲಾಮು, ಲೇಸರ್ ಸಾಕಾಗಬಹುದು. ಮುಂದೊಗಲಿನಲ್ಲಿ ಮಾತ್ರ ಇದ್ದರೆ ಖತ್ನಾವೇ ಚಿಕಿತ್ಸೆ. ಸಣ್ಣ ಗೆಡ್ಡೆಗೆ ಒಳವಿಕಿರಣ, ಅಂದರೆ ಬ್ರಾಕಿಥೆರಪಿ ಉಂಟು. ಶಿಶ್ನದ ಭಾಗ ತೆಗೆಯಬೇಕಾಗಿ ಬಂದರೂ, ಸಾಕಷ್ಟು ಉದ್ದ ಉಳಿದರೆ ನಿಂತು ಮೂತ್ರ ಮಾಡಲು ಆಗುತ್ತದೆ. ದಾಂಪತ್ಯ ಪೂರ್ತಿ ಮುಗಿಯಿತೆಂದೂ ಅಲ್ಲ.

ಈ ರೋಗ ಮೊದಲು ಹರಡುವುದು ತೊಡೆಸಂದಿನ ಗ್ರಂಥಿಗಳಿಗೆ. ಕೈಗೆ ಗಂಟು ಸಿಗದಿದ್ದವರಲ್ಲೂ ಸುಮಾರು ಐವರಲ್ಲಿ ಒಬ್ಬರಿಗೆ ರೋಗದ ಕಣಗಳು ಅಲ್ಲಿ ಅಡಗಿರುತ್ತವೆ. ಹಾಗೆಂದು ಎಲ್ಲರಿಗೂ ಗ್ರಂಥಿ ತೆಗೆದರೆ ಕಾಲು ಬಾವು, ಗಾಯ ಮಾಗದಿರುವುದು ಮುಂತಾದ ತೊಂದರೆ. 1977ರಲ್ಲಿ ರಾಮೋನ್ ಕಬಾನಾಸ್ ಎಂಬ ವೈದ್ಯರು, ರೋಗ ಮೊದಲು ತಲುಪುವ ‘ಕಾವಲು ಗ್ರಂಥಿ’ ಒಂದಿರುತ್ತದೆ, ಅದನ್ನು ಪರೀಕ್ಷಿಸಿ ಮುಂದುವರಿಯಬಹುದು ಎಂದು ತೋರಿಸಿದರು. ಇಂದು ಸ್ತನ ಕ್ಯಾನ್ಸರಿನ ಲಕ್ಷಾಂತರ ಹೆಣ್ಣುಮಕ್ಕಳಿಗೆ ಕಾವಲು ಗ್ರಂಥಿಯ ಪರೀಕ್ಷೆ ಮಾಡಿ ಅನಗತ್ಯ ಶಸ್ತ್ರಕ್ರಿಯೆ ತಪ್ಪಿಸುತ್ತಾರಲ್ಲ, ಆ ಯೋಚನೆ ಬೇರೂರಿದ್ದು ಗಂಡಸರು ಹೇಳಲು ನಾಚುವ ಈ ರೋಗದಲ್ಲಿ!

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಬದುಕುತ್ತಾರೆಯೇ? ಉತ್ತರ ಗ್ರಂಥಿಗಳಲ್ಲಿದೆ. ಶಿಶ್ನದ ಕ್ಯಾನ್ಸರ್ ಗ್ರಂಥಿಗೆ ಹರಡುವ ಮೊದಲೇ ಚಿಕಿತ್ಸೆ ಪಡೆದವರಲ್ಲಿ 100ಕ್ಕೆ 85ಕ್ಕಿಂತ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ತೊಡೆಸಂದಿನ ಒಂದೆರಡು ಗ್ರಂಥಿಗೆ ಮಾತ್ರ ತಗುಲಿದ್ದು, ಅವನ್ನು ಬೇಗ ತೆಗೆದರೆ ಆಗಲೂ ಬಹುಪಾಲು ಜನ ಉಳಿಯುತ್ತಾರೆ. ಹೊಟ್ಟೆಯ ಕೆಳಗಿನ ಒಳಗ್ರಂಥಿಗಳಿಗೆ ಏರಿದ ಮೇಲೆ ಉಳಿಯುವವರು 100ಕ್ಕೆ 20ರೊಳಗೆ. ಆಗ ಕೀಮೋಥೆರಪಿ, ಶಸ್ತ್ರಕ್ರಿಯೆ, ವಿಕಿರಣ ಎಲ್ಲವನ್ನೂ ಕೂಡಿಸಿ ಹೋರಾಡಬೇಕು. 85ಕ್ಕೂ 20ಕ್ಕೂ ನಡುವೆ ಇರುವುದು ಎಷ್ಟೋ ಸಲ ಕೆಲವು ತಿಂಗಳುಗಳ ಮೌನ ಮಾತ್ರ.

ನಮ್ಮ ನಾಡಿನಲ್ಲಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿ (1894–1954) ಅವರ ಹೆಸರು ಅದಕ್ಕಿದೆ. 1982ರಿಂದ ಅಲ್ಲಿ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯೂ ನಡೆದುಬಂದಿದೆ. ಉತ್ತರ ಪ್ರದೇಶದಲ್ಲಿ ಹುಟ್ಟಿದ ಒಬ್ಬ ಮಹನೀಯರ ಹೆಸರು ಇಂದು ಕರ್ನಾಟಕದ ಮನೆಮನೆಯಲ್ಲಿ, ಜಾತಿ ಮತದ ಭೇದವಿಲ್ಲದೆ, ಕ್ಯಾನ್ಸರ್ ಆಸ್ಪತ್ರೆಗೆ ಇನ್ನೊಂದು ಹೆಸರಾಗಿ ಉಳಿದಿದೆ.

ಮಧುಗಿರಿಯಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್, ಪಾವಗಡದಿಂದ ನೂರೈವತ್ತರ ಆಸುಪಾಸು. ಒಂದು ದಿನದ ಬಸ್ ಪ್ರಯಾಣ. ಬಿಪಿಎಲ್ ಪಡಿತರ ಚೀಟಿ ಇರುವ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ನೆರವಿದೆ. ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ಬರೆಸಿಕೊಂಡು ಮುಂದೆ ಹೋಗಬೇಕು. ದಾರಿ ಇದೆ, ದುಡ್ಡಿಗೂ ನೆರವಿದೆ. ಇಲ್ಲದಿರುವುದು ಹೇಳುವ ಧೈರ್ಯ.

ಸತರ್ ಮುಚ್ಚುವುದು ನಮ್ಮ ಧರ್ಮದ ಕಟ್ಟುನಿಟ್ಟಿನ ನಿಯಮ. ಆದರೆ ಅನಿವಾರ್ಯವಾದಾಗ, ಚಿಕಿತ್ಸೆಗೆ ಬೇಕಾದಷ್ಟನ್ನು ವೈದ್ಯರಿಗೆ ತೋರಿಸಲು ಅನುಮತಿಯಿದೆ ಎಂಬುದನ್ನು ಉಲಮಾಗಳು ಸ್ಪಷ್ಟವಾಗಿ ಹೇಳುತ್ತಾರೆ. ನಾಚಿಕೆ ಈಮಾನಿನ ಭಾಗ, ನಿಜ. ರೋಗ ಮುಚ್ಚಿಟ್ಟು ಹೆಂಡತಿ ಮಕ್ಕಳನ್ನು ಅನಾಥರನ್ನಾಗಿ ಮಾಡುವುದು ನಾಚಿಕೆಯಲ್ಲ.

ಆದ್ದರಿಂದ ಓದುಗ ಸಹೋದರರೇ, ನಾಲ್ಕು ಮಾತು ನೆನಪಿಡಿ. ಆ ಜಾಗದಲ್ಲಿ ನಾಲ್ಕು ವಾರಕ್ಕೂ ಮಾಗದ ಹುಣ್ಣು, ಹೋಗದ ಕೆಂಪು ಮಚ್ಚೆ, ಬೆಳೆಯುವ ನರುಳ್ಳೆ, ದುರ್ವಾಸನೆಯ ಸ್ರಾವ ಅಥವಾ ತೊಡೆಸಂದಿನ ಗಂಟು ಕಂಡರೆ ಡಾಕ್ಟರಿಗೆ ತೋರಿಸಿ. ಮುಲಾಮಿಗೆ ಬಗ್ಗದ್ದಕ್ಕೆ ಚೂರು ತೆಗೆದು ಪರೀಕ್ಷೆ, ಅಂದರೆ ಬಯಾಪ್ಸಿ, ಮಾಡಿಸಿ. ಬೀಡಿ ಸಿಗರೇಟು ಬಿಡಿ. ಎಣ್ಣೆ, ಡಾಂಬರಿನ ಕೆಲಸದವರು ಬಟ್ಟೆ ಬದಲಿಸಿ, ತೊಳೆದುಕೊಳ್ಳಿ.

ಪಾಟ್ ಬರೆದದ್ದು 1775ರಲ್ಲಿ, ಅಲ್ ಜಹ್ರಾವಿ ಬರೆದದ್ದು ಸಾವಿರ ವರ್ಷದ ಹಿಂದೆ. ಇಬ್ಬರೂ ಹೇಳಿದ್ದು ಒಂದೇ: ಸಣ್ಣದಿರುವಾಗ ಬಾ. ಈ ಲೇಖನ ಓದಿದ ಮೇಲೆ ಮನೆಯ ಹಿರಿಯರೊಬ್ಬರ ಬಳಿ, ಗ್ಯಾರೇಜಿನಲ್ಲಿ ದುಡಿಯುವ ಒಬ್ಬ ತಮ್ಮನ ಬಳಿ ಕೂತು ಇಷ್ಟು ಹೇಳಿದರೆ ಸಾಕು. ನಿಮ್ಮಲ್ಲೊಬ್ಬರು ಅಂಥ ಒಬ್ಬರ ಕೈ ಹಿಡಿದು ಆಸ್ಪತ್ರೆಯ ಬಸ್ಸು ಹತ್ತಿಸಿದರೆ, ಬರೆದದ್ದು ಸಾರ್ಥಕ.